ಗಾಜಿನ ಕಣ್ಣಿನ ಚರಿತ್ರೆ

ಗಾಜಿನ ಕಣ್ಣು ಎಂದು ನಾವು ಕರೆಯುವ ವಸ್ತು ಈಗ ಹೆಚ್ಚಿನ ಕಡೆ ಗಾಜಿನದಲ್ಲ. ಗೋಲಿಯ ಹಾಗೆ ಗುಂಡಗೂ ಇಲ್ಲ. ಸಿನಿಮಾದ ಒಕ್ಕಣ್ಣ ಖಳನಾಯಕ ಕಣ್ಣು ತೆಗೆದು ಮೇಜಿನ ಮೇಲೆ ಉರುಳಿಸುವುದನ್ನು ನೋಡಿ ನಮ್ಮ ತಲೆಯಲ್ಲಿ ಆ ಚಿತ್ರ ಉಳಿದುಬಿಟ್ಟಿದೆ, ಅಷ್ಟೇ. ನಿಜವಾದ ಕೃತಕ ಕಣ್ಣು ಒಂದು ಚಿಪ್ಪು. ಕಾಂಟ್ಯಾಕ್ಟ್ ಲೆನ್ಸಿಗಿಂತ ದೊಡ್ಡದು, ಅದಕ್ಕಿಂತ ಬಹಳ ದಪ್ಪ. ಮುಂದೆ ಉಬ್ಬು, ಹಿಂದೆ ತಗ್ಗು. ಎರಡು ರೆಪ್ಪೆಗಳ ಒಳಗೆ ಕೂರುತ್ತದೆ. ತೆಗೆದು ತೊಳೆದು ಮತ್ತೆ ಹಾಕಿಕೊಳ್ಳಬಹುದು. ಚೆನ್ನಾಗಿ ಮಾಡಿದ್ದಾದರೆ ಎದುರು ಕೂತು ಅರ್ಧ ಗಂಟೆ ಮಾತಾಡಿದವರಿಗೂ ಗೊತ್ತಾಗುವುದಿಲ್ಲ.

ಆದರೆ ಅದರಿಂದ ಏನೂ ಕಾಣುವುದಿಲ್ಲ. ಕೃತಕ ಕಾಲು ನಡೆಸುತ್ತದೆ, ಕೃತಕ ಹಲ್ಲು ಅಗಿಯುತ್ತದೆ. ಕೃತಕ ಕಣ್ಣು ಮಾತ್ರ ತಾನು ಯಾವ ಅಂಗದ ಜಾಗದಲ್ಲಿದೆಯೋ ಆ ಅಂಗದ ಮುಖ್ಯ ಕೆಲಸವನ್ನೇ ಮಾಡುವುದಿಲ್ಲ. ಹಾಗಿದ್ದೂ ಮನುಷ್ಯರು ಸುಮಾರು ಐದು ಸಾವಿರ ವರ್ಷಗಳಿಂದ ಅದನ್ನು ಮಾಡುತ್ತ ಬಂದಿದ್ದಾರೆ. ಚಿನ್ನ, ಬೆಳ್ಳಿ, ಮೀನಾಕಾರಿ, ಗಾಜು, ಪ್ಲಾಸ್ಟಿಕ್ ಹೀಗೆ ಪ್ರತಿ ಕಾಲದಲ್ಲೂ ಕೈಗೆ ಸಿಕ್ಕ ಅತ್ಯುತ್ತಮ ವಸ್ತುವನ್ನೇ ಅದಕ್ಕೆ ಬಳಸಿದ್ದಾರೆ. ಯಾರಿಗಾಗಿ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಹಾಕಿಕೊಂಡವರಿಗೋ, ನೋಡುವವರಿಗೋ?

ಸುಟ್ಟ ಊರಿನ ಹೆಂಗಸು

ಇರಾನಿನ ಆಗ್ನೇಯ ಮೂಲೆಯಲ್ಲಿ, ಅಫ್ಘಾನಿಸ್ತಾನದ ಗಡಿಗೆ ಹತ್ತಿರ, ಸಿಸ್ತಾನ್ ಪ್ರದೇಶದಲ್ಲಿ ಶಹರ್-ಎ-ಸೂಖ್ತೆ ಎಂಬ ಹಾಳು ಪಟ್ಟಣವಿದೆ. ಹೆಸರಿನ ಅರ್ಥವೇ ಸುಟ್ಟ ಊರು. 2006ರ ಡಿಸೆಂಬರ್‌ನಲ್ಲಿ ಅಲ್ಲಿಯ ಸಮಾಧಿಯೊಂದರಲ್ಲಿ ಪುರಾತತ್ವಜ್ಞರಿಗೆ ಒಬ್ಬ ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ಇಪ್ಪತ್ತೈದರಿಂದ ಮೂವತ್ತರ ಆಸುಪಾಸಿನ ವಯಸ್ಸು, ಆ ಕಾಲಕ್ಕೆ ಅಸಾಧಾರಣ ಎನ್ನಬಹುದಾದ ಎತ್ತರ. ಎಡಗಣ್ಣಿನ ಗೂಡಿನಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಅರ್ಧಗೋಳವಿತ್ತು. ಹಗುರವಾದ, ಡಾಂಬರಿನಂಥ ಅಂಟನ್ನು ಕಲಸಿ ಮಾಡಿದ್ದು. ನಡುವೆ ಪಾಪೆಗೆ ಒಂದು ವೃತ್ತ, ಅದರಿಂದ ಹೊರಡುವ ಕಿರಣಗಳಂತೆ ಗೆರೆಗಳು, ಮೇಲೆ ತೆಳುವಾದ ಚಿನ್ನ. ಎರಡು ಅಂಚುಗಳಲ್ಲಿ ದಾರ ಪೋಣಿಸಲು ಎರಡು ಸಣ್ಣ ತೂತು.

ಕಾಲ ಸುಮಾರು ಕ್ರಿಸ್ತಪೂರ್ವ 2900ರಿಂದ 2800. ಸತ್ತ ಮೇಲೆ ಅಲಂಕಾರಕ್ಕೆಂದು ಇಟ್ಟದ್ದಿರಬಹುದೇ ಎಂಬ ಅನುಮಾನ ಮೊದಲು ಬರುತ್ತದೆ. ಈಜಿಪ್ಟಿನಲ್ಲಿ ಮಮ್ಮಿಗಳಿಗೂ ವಿಗ್ರಹಗಳಿಗೂ ಕಲ್ಲು, ಗಾಜಿನ ಕಣ್ಣು ಕೂರಿಸುತ್ತಿದ್ದರು, ಅವು ಬದುಕಿದ್ದವರಿಗಲ್ಲ. ಇಲ್ಲಿ ಮಾತ್ರ ಗೂಡಿನ ಮೇಲೆ ದಾರ ಒತ್ತಿದ ಗುರುತು ಕಂಡಿತು. ಆಕೆ ಬದುಕಿದ್ದಾಗಲೇ ಬಹಳ ಕಾಲ ಅದನ್ನು ಹಾಕಿಕೊಂಡಿದ್ದಳು ಎಂದು ಸಂಶೋಧಕರು ಹೇಳಿದ್ದು ಆ ಗುರುತಿನಿಂದ.

ಚಿನ್ನದ ಕಿರಣಗಳಿದ್ದ ಕಣ್ಣು ನಿಜವಾದ ಕಣ್ಣೆಂದು ಯಾರನ್ನೂ ನಂಬಿಸುವಂಥದ್ದಲ್ಲ. ಅಂದರೆ, ಗೊತ್ತಿರುವ ಮೊದಲ ಕೃತಕ ಕಣ್ಣಿನ ಉದ್ದೇಶ ಮರೆಮಾಚುವುದಾಗಿರಲಿಲ್ಲ. ನಮ್ಮ ಶಿಲ್ಪಿಗಳು ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಶಾಸ್ತ್ರವನ್ನು, ಊರದೇವಿಗೆ ಹರಕೆ ಹೊತ್ತು ಒಪ್ಪಿಸುವ ಬೆಳ್ಳಿಯ ಕಣ್ಣನ್ನು ನೆನಪಿಸಿಕೊಂಡರೆ ಇದು ನಮಗೆ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ಕಣ್ಣನ್ನು ಕಣ್ಣಿನಂತೆಯೇ ಕಾಣಿಸಬೇಕು, ಇಲ್ಲದ್ದು ಗೊತ್ತಾಗಲೇಬಾರದು ಎಂಬ ಆಸೆ ಬಂದದ್ದು ಬಹಳ ತಡವಾಗಿ.

ಪಟ್ಟಿ ಕಟ್ಟಿದ ಕಣ್ಣು, ರೆಪ್ಪೆಯೊಳಗಿನ ಕಣ್ಣು

ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರವಾಸ್ ಪಾರೆ ಯುದ್ಧಭೂಮಿಯಲ್ಲಿ ಪಳಗಿದವನು. ಕೈ, ಕಾಲು, ಮೂಗು ಕಳೆದುಕೊಂಡ ಸೈನಿಕರಿಗೆ ಬದಲಿ ಅಂಗಗಳನ್ನು ಯೋಚಿಸಿದವನು. ಕಣ್ಣಿಗೆ ಅವನು ಎರಡು ಬಗೆ ಹೇಳಿದ. ಒಂದು ರೆಪ್ಪೆಯ ಹೊರಗೆ: ತಲೆಯ ಸುತ್ತ ಬರುವ ಲೋಹದ ಪಟ್ಟಿಯ ತುದಿಗೆ ಚರ್ಮ ಹೊದಿಸಿದ ತಗಡು, ಅದರ ಮೇಲೆ ರೆಪ್ಪೆಕೂದಲಿನ ಸಮೇತ ಬರೆದ ಕಣ್ಣು. ಇನ್ನೊಂದು ರೆಪ್ಪೆಯ ಒಳಗೆ: ಚಿನ್ನ ಅಥವಾ ಬೆಳ್ಳಿಯ ಚಿಪ್ಪಿಗೆ ಮೀನಾಕಾರಿ ಬಣ್ಣ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಕಣ್ಣುಗುಡ್ಡೆಯನ್ನು ಪೂರ್ತಿ ತೆಗೆಯುವುದು ಅಪರೂಪ. ಆದ್ದರಿಂದ ಗಾಯವಾಗಿ ಕುಗ್ಗಿದ ಕಣ್ಣಿನ ಮೇಲೆಯೇ ಈ ಲೋಹದ ಚಿಪ್ಪು ಕೂರಬೇಕಿತ್ತು. ಅದು ಎಷ್ಟು ಒತ್ತುತ್ತಿದ್ದಿರಬಹುದು ಎಂಬುದನ್ನು ಊಹಿಸಿಕೊಳ್ಳಿ.

ಅದೇ ಶತಮಾನದ ಕೊನೆಯ ಹೊತ್ತಿಗೆ ವೆನಿಸ್ಸಿನ ಗಾಜಿನ ಕುಶಲಕರ್ಮಿಗಳು ತೆಳುವಾದ ಗಾಜಿನ ಚಿಪ್ಪು ಊದತೊಡಗಿದರು. ಲೋಹಕ್ಕಿಂತ ಹಗುರ, ನೋಡಲು ಚೆಂದ. ಆದರೆ ಅಂಚು ಚುಚ್ಚುತ್ತಿತ್ತು, ಬೇಗ ಒಡೆಯುತ್ತಿತ್ತು. ಆಮೇಲೆ ಈ ಕಸುಬಿನ ರಾಜಧಾನಿ ಪ್ಯಾರಿಸ್ಸಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಹೆಸರಾಗಿದ್ದವನು ಒಗ್ಯೂಸ್ತ್ ಬುವಾಸೊನ್ನೊ. ಕಣ್ಣಿನ ವೈದ್ಯನಿಂದ ಬೇರೆಯಾಗಿ ತನ್ನ ಕಸುಬನ್ನು ಗುರುತಿಸಲು ಅವನು ಬಳಸಿದ ಮಾತು ಆಕ್ಯುಲರಿಸ್ತ್. ಇಂದು ಜಗತ್ತಿನ ಎಲ್ಲ ಕಡೆ ಕೃತಕ ಕಣ್ಣು ಮಾಡುವವರಿಗೆ ಆಕ್ಯುಲರಿಸ್ಟ್ ಎಂಬ ಹೆಸರು ನಿಂತಿದೆ. ಆಗ ಅದು ಸಿರಿವಂತರ ಸರಕು. ಕಾರ್ಖಾನೆಯಲ್ಲಿ ಕಣ್ಣು ಕಳೆದುಕೊಂಡ ಕೂಲಿಯವನಿಗೆ ಬಟ್ಟೆಯ ಪಟ್ಟಿಯೇ ಗತಿ.

ಗೊಂಬೆಯ ಕಣ್ಣಿನಿಂದ ಮನುಷ್ಯನ ಕಣ್ಣಿಗೆ

ಪ್ಯಾರಿಸ್ಸಿನ ಏಕಸ್ವಾಮ್ಯ ಮುರಿದದ್ದು ಜರ್ಮನಿಯ ಒಂದು ಬೆಟ್ಟದೂರು. ತುರಿಂಗಿಯಾ ಕಾಡಿನ ನಡುವಿನ ಲೌಷಾದಲ್ಲಿ 1597ರಿಂದ ಗಾಜಿನ ಕುಲುಮೆ ಇತ್ತು. ಮನೆಮನೆಯಲ್ಲೂ ದೀಪದ ಉರಿಯ ಮುಂದೆ ಕೂತು ಮಣಿ, ಗೋಲಿ, ಕ್ರಿಸ್ಮಸ್ ಮರದ ಗಾಜಿನ ಚೆಂಡು, ಗೊಂಬೆಗಳ ಕಣ್ಣು ಮಾಡುತ್ತಿದ್ದರು. ಲುಡ್ವಿಗ್ ಮ್ಯೂಲರ್-ಊರಿ ಹೀಗೆ ಗೊಂಬೆಯ ಕಣ್ಣು ಮಾಡುತ್ತಿದ್ದ ಕಸುಬುದಾರ. ವ್ಯುರ್ಟ್ಸ್‌ಬುರ್ಗ್‌ನ ಪ್ರೊಫೆಸರ್ ಹೈನ್ರಿಖ್ ಆಡೆಲ್ಮಾನ್ ಅವನಿಗೆ, ಗೊಂಬೆಗೆ ಮಾಡುವುದನ್ನು ಮನುಷ್ಯರಿಗೆ ಮಾಡಲಾದೀತೇ ಎಂಬ ಸವಾಲು ಒಡ್ಡಿದ. 1835ರ ಹೊತ್ತಿಗೆ ಅವನು ಅದನ್ನು ಮಾಡಿದ.

ಗೊಂಬೆಯ ಕಣ್ಣಿಗೂ ಮನುಷ್ಯರ ಕಣ್ಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗೊಂಬೆಗೆ ಕಣ್ಣೀರು ಬರುವುದಿಲ್ಲ. ಕಣ್ಣೀರಿನ ಉಪ್ಪು ಹಳೆಯ ಗಾಜನ್ನು ಕೆಲವೇ ತಿಂಗಳಲ್ಲಿ ಕೊರೆದು ತರಿತರಿ ಮಾಡುತ್ತಿತ್ತು. ತರಿಯಾದ ಗಾಜು ರೆಪ್ಪೆಯ ಒಳಪದರವನ್ನು ಉಜ್ಜುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು 1868ರಲ್ಲಿ. ಮ್ಯೂಲರ್-ಊರಿ ಮತ್ತು ಅವನ ಬಂಧು ಫ್ರೀಡ್ರಿಖ್ ಅಡೋಲ್ಫ್ ಮ್ಯೂಲರ್ ಗ್ರೀನ್‌ಲ್ಯಾಂಡಿನಿಂದ ಬರುತ್ತಿದ್ದ ಕ್ರಯೋಲೈಟ್ ಎಂಬ ಖನಿಜವನ್ನು ಗಾಜಿಗೆ ಸೇರಿಸಿದರು. ಹಾಲಿನಂಥ, ಕಣ್ಣಿನ ಬಿಳಿಗೆ ತೀರ ಹತ್ತಿರದ ಬಣ್ಣ ಬಂತು. ಗಾಜು ಹಗುರವಾಯಿತು, ಕಣ್ಣೀರನ್ನೂ ತಡೆದುಕೊಂಡಿತು. ಜರ್ಮನಿಯಲ್ಲಿ ಇಂದಿಗೂ ಕಣ್ಣು ಮಾಡುವುದು ಈ ಗಾಜಿನಿಂದಲೇ.

ಮಾಡುವ ಕ್ರಮ ಹೀಗೆ. ಬಿಳಿ ಗಾಜಿನ ಕೊಳವೆಯನ್ನು ಉರಿಯಲ್ಲಿ ತಿರುಗಿಸುತ್ತ ಊದಿ ಒಂದು ಗುಂಡು ಮಾಡುತ್ತಾರೆ. ಅದರ ನೆತ್ತಿಗೆ ಬಣ್ಣದ ಗಾಜಿನ ಹನಿ ಇಟ್ಟು ಹರಡಿಸಿದರೆ ಪಾಪೆ. ನಡುವೆ ಕಪ್ಪು ಚುಕ್ಕೆ. ಕೂದಲಿನಷ್ಟು ಸಣ್ಣ ಕೆಂಪು ಗಾಜಿನ ಕಡ್ಡಿಯಿಂದ ರಕ್ತನಾಳ ಎಳೆಯುತ್ತಾರೆ. ಮೇಲೆ ಪಾರದರ್ಶಕ ಗಾಜು. ಕೊನೆಗೆ ಗುಂಡಿನ ಹಿಂಭಾಗ ತೆಗೆದು, ಅಂಚನ್ನು ಕಾಯಿಸಿ ದುಂಡಾಗಿಸುತ್ತಾರೆ. ಎಲ್ಲವೂ ರೋಗಿ ಎದುರು ಕುರ್ಚಿಯಲ್ಲಿ ಕೂತಿರುವಾಗ, ಅವರ ಇನ್ನೊಂದು ಕಣ್ಣನ್ನು ನೋಡಿಕೊಂಡು.

ಇದೇ ಹೊತ್ತಿಗೆ ವೈದ್ಯರ ಕಡೆಯಿಂದಲೂ ಎರಡು ಬದಲಾವಣೆ ಬಂದವು. 1846ರ ನಂತರ ಅರಿವಳಿಕೆ ಬಂದದ್ದರಿಂದ ಕಣ್ಣುಗುಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಯಿತು. ಹಾಗೆ ತೆಗೆಯಲು ಕಾರಣವೂ ಇತ್ತು. ಒಂದು ಕಣ್ಣಿಗೆ ಆಳವಾದ ಗಾಯವಾದರೆ ಕೆಲವೊಮ್ಮೆ ಗಾಯವಿಲ್ಲದ ಇನ್ನೊಂದು ಕಣ್ಣೂ ಉರಿಯೂತ ಬಂದು ಹೋಗಿಬಿಡುತ್ತದೆ. ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಕಾರ್ಯಾಗಾರದಲ್ಲಿ ಒಂದು ಕಣ್ಣಿಗೆ ಚುಚ್ಚಿಸಿಕೊಂಡ ಲೂಯಿ ಬ್ರೈಲ್ ಎರಡೂ ಕಣ್ಣು ಕಳೆದುಕೊಂಡ ಕಥೆ ನಿಮಗೆ ಗೊತ್ತಿರುತ್ತದೆ. ಉಳಿದ ಕಣ್ಣನ್ನು ಉಳಿಸಲು ಕೆಟ್ಟ ಕಣ್ಣನ್ನು ತೆಗೆಯಬೇಕಾಗುತ್ತಿತ್ತು.

ಆದರೆ ಗುಡ್ಡೆ ಪೂರ್ತಿ ತೆಗೆದರೆ ಗೂಡು ಬರಿದಾಗಿ, ತೆಳು ಚಿಪ್ಪು ಒಳಗೆ ಕುಸಿಯುತ್ತದೆ. 1880ರ ದಶಕದಲ್ಲಿ ಮ್ಯಾಂಚೆಸ್ಟರಿನ ಫಿಲಿಪ್ ಹೆನ್ರಿ ಮ್ಯೂಲ್ಸ್ ಎಂಬ ವೈದ್ಯ ಒಳಗೆ ಒಂದು ಗಾಜಿನ ಗುಂಡನ್ನು ಶಾಶ್ವತವಾಗಿ ಹುದುಗಿಸುವ ಉಪಾಯ ಮಾಡಿದ. 1898ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೆರ್ಮನ್ ಸ್ನೆಲೆನ್ ಕೇಳಿಕೊಂಡಂತೆ ಮ್ಯೂಲರ್ ಮನೆತನದವರು ಎರಡು ಪದರದ, ಒಳಗೆ ಟೊಳ್ಳಾದ, ಅಂಚು ದುಂಡಗಿನ ಕಣ್ಣು ಮಾಡಿದರು. ಕಣ್ಣಿನ ಪರೀಕ್ಷೆಯಲ್ಲಿ ಮೇಲೆ ದೊಡ್ಡಕ್ಷರ, ಕೆಳಗೆ ಸಣ್ಣಕ್ಷರ ಇರುವ ಫಲಕ ಓದುತ್ತೇವಲ್ಲ, ಅದನ್ನು ರೂಪಿಸಿದವನೂ ಇದೇ ಸ್ನೆಲೆನ್. ಒಳಗೆ ಗುಂಡು, ಹೊರಗೆ ಚಿಪ್ಪು ಎಂಬ ಜೋಡಿ ಇಂದಿಗೂ ಹಾಗೆಯೇ ಇದೆ. ಕಣ್ಣಿನ ಸ್ನಾಯುಗಳು ಒಳಗಿನ ಗುಂಡನ್ನು ತಿರುಗಿಸುತ್ತವೆ, ಅದರ ಜೊತೆ ಹೊರಗಿನ ಚಿಪ್ಪೂ ಸ್ವಲ್ಪ ಅಲುಗುತ್ತದೆ. ಗಾಜಿನ ಗುಂಡಿನ ಜಾಗಕ್ಕೆ ಈಗ ಅಕ್ರಿಲಿಕ್, ಸಿಲಿಕೋನ್ ಬಂದಿವೆ. 1980ರ ದಶಕದಲ್ಲಿ ಸಮುದ್ರದ ಹವಳದಿಂದ ಮಾಡಿದ ಗುಂಡೂ ಬಂತು. ಅದರ ರಂಧ್ರಗಳಲ್ಲಿ ದೇಹದ ರಕ್ತನಾಳಗಳೇ ಬೆಳೆದು ಹಿಡಿದುಕೊಳ್ಳುತ್ತವೆ.

ಹಲ್ಲಿನ ಡಾಕ್ಟರರು ಮಾಡಿದ ಕಣ್ಣು

ಎರಡನೆಯ ಮಹಾಯುದ್ಧದವರೆಗೆ ಜಗತ್ತಿನ ಬಹುಪಾಲು ಕಡೆಗೆ ಒಳ್ಳೆಯ ಕಣ್ಣೂ ಕಣ್ಣಿನ ಗಾಜೂ ಜರ್ಮನಿಯಿಂದಲೇ ಬರಬೇಕಿತ್ತು. ಯುದ್ಧ ಶುರುವಾದೊಡನೆ ಅದು ನಿಂತಿತು. ಕಣ್ಣು ಕಳೆದುಕೊಂಡ ಸೈನಿಕರು ಮಾತ್ರ ಬರುತ್ತಲೇ ಇದ್ದರು. ಯಾರ ಜೊತೆ ಯುದ್ಧವೋ ಅವರ ಗಾಜೇ ಗಾಯಾಳುವಿನ ಮುಖಕ್ಕೆ ಬೇಕಾಗಿತ್ತು.

ದಾರಿ ಕಂಡದ್ದು ಹಲ್ಲಿನ ವೈದ್ಯರಿಗೆ. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದಿದ್ದ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಅವರು ಆಗಲೇ ಹಲ್ಲಿನ ಸೆಟ್ಟಿಗೆ ಬಳಸುತ್ತಿದ್ದರು. ಬಾಯಿಯ ಅಚ್ಚು ತೆಗೆಯುವುದು, ಮೇಣದಲ್ಲಿ ಮಾದರಿ, ಪ್ಲಾಸ್ಟರಿನಲ್ಲಿ ಮೂಸೆ, ಅದರಲ್ಲಿ ಅಕ್ರಿಲಿಕ್ ಬೇಯಿಸುವುದು, ಕೊನೆಗೆ ಒಸಡಿನ ಬಣ್ಣ ಹೊಂದಿಸುವುದು ಎಲ್ಲವೂ ಅವರಿಗೆ ದಿನನಿತ್ಯದ ಕೆಲಸ. ಅಮೆರಿಕದ ಸೇನೆಯಲ್ಲಿದ್ದ ಸ್ಟಾನ್ಲಿ ಎರ್ಫ್, ಮಿಲ್ಟನ್ ವರ್ಟ್ಸ್, ವಿಕ್ಟರ್ ಡೀಟ್ಸ್ ಎಂಬ ಮೂವರು ದಂತವೈದ್ಯರು ಬೇರೆ ಬೇರೆ ಕಡೆ ಇದೇ ಯೋಚನೆಯಲ್ಲಿ ತೊಡಗಿದ್ದರು. ಸೇನೆ ಅವರನ್ನು ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಆಸ್ಪತ್ರೆಯಲ್ಲಿ ಒಟ್ಟುಗೂಡಿಸಿತು. ಕೆಂಪು ರೇಯಾನ್ ದಾರದ ಎಳೆ ಬಿಡಿಸಿ ರಕ್ತನಾಳವಾಗಿ ಅಂಟಿಸುವ ಕ್ರಮ ಆಗ ಬಂದದ್ದು. ಅಕ್ರಿಲಿಕ್ ಕಣ್ಣು ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಥಂಡಿಗೆ ಸಿಡಿಯುವುದಿಲ್ಲ, ಹೊಂದದಿದ್ದರೆ ಉಜ್ಜಿ ಸರಿಮಾಡಬಹುದು.

ಅದೇ ಪ್ಲಾಸ್ಟಿಕ್ಕಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಕಥೆ ಇದೆ. ಯುದ್ಧವಿಮಾನಗಳ ಮೇಲ್ಛಾವಣಿಯ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕು ವರ್ಷಗಟ್ಟಲೆ ಇದ್ದರೂ ಕಣ್ಣು ಅದನ್ನು ಪ್ರತಿಭಟಿಸಲಿಲ್ಲ ಎಂಬುದನ್ನು ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನ ಲೆನ್ಸನ್ನು ಮೊದಲ ಬಾರಿ ಕಣ್ಣಿನೊಳಗೆ ಇಟ್ಟರು. ನಿಮ್ಮ ಮನೆಯ ಹಿರಿಯರು ಪೊರೆಯ ಆಪರೇಷನ್ ಮಾಡಿಸಿಕೊಂಡು ಲೆನ್ಸ್ ಹಾಕಿಸಿಕೊಂಡಿದ್ದರೆ ಅದರ ಮೂಲ ಅಲ್ಲಿದೆ. ಯುದ್ಧದ ಎರಡು ಬದಿಗೆ ಬಂದ ಒಂದೇ ವಸ್ತು ಒಂದು ಕಡೆ ನೋಡುವ ಕಣ್ಣನ್ನು ಸರಿಮಾಡಿತು, ಇನ್ನೊಂದು ಕಡೆ ನೋಡದ ಕಣ್ಣಾಯಿತು.

ಕಟ್ಟಿಸಿದ ಹಲ್ಲು, ಕಣ್ಕಟ್ಟು

ಇಲ್ಲಿ ಭಾಷೆಯ ವಿಷಯಕ್ಕೆ ಸ್ವಲ್ಪ ಹೊರಳುತ್ತೇನೆ. ಕೆಲವು ವರ್ಷಗಳ ಹಿಂದೆ ರೋಗಿಗಳಿಗೆ ಕೊಡುವ ಒಂದು ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ಕಣ್ಣು ತೆಗೆಸಿಕೊಂಡವರಿಗೆ ಮುಂದೇನು ಎಂದು ಹೇಳುವ ಎರಡು ಪುಟ. ಆ ವಸ್ತುವನ್ನು ಏನೆಂದು ಕರೆಯುವುದು ಎಂಬಲ್ಲಿಯೇ ನಿಂತೆ. ಹಿಂದಿಯವರು ಪತ್ಥರ್ ಕೀ ಆಂಖ್ ಎನ್ನುತ್ತಾರೆ, ಕಲ್ಲಿನ ಕಣ್ಣು, ಇಲ್ಲವೇ ನಕಲಿ. ನಮ್ಮ ಕೃತಕ ಎಂಬ ಮಾತಿಗೆ ಮೂಲದಲ್ಲಿ ಮಾಡಿದ್ದು ಎಂಬಷ್ಟೇ ಅರ್ಥ. ಆದರೆ ಕೃತಕ ನಗು, ಕೃತಕ ವಿನಯ ಎಂದಾಗ ಅದು ಸುಳ್ಳಿನ ಪಕ್ಕಕ್ಕೆ ಬಂದು ಕೂರುತ್ತದೆ. ಹಲ್ಲಿಗೆ ಈ ಕಷ್ಟವಿಲ್ಲ. ಅಜ್ಜ ಹಲ್ಲು ಕಟ್ಟಿಸಿಕೊಂಡರು ಎನ್ನುತ್ತೇವೆ, ಮನೆ ಕಟ್ಟಿಸಿದ ಹಾಗೆ. ಅದೇ ಕ್ರಿಯಾಪದವನ್ನು ಕಣ್ಣಿಗೆ ಹಚ್ಚಿದರೆ ಕಣ್ಕಟ್ಟು ಆಗುತ್ತದೆ, ಗಾರುಡಿಗನ ಮೋಸ. ಹಲ್ಲಿನ ಬದಲಿಯನ್ನು ದುರಸ್ತಿ ಎಂದೂ ಕಣ್ಣಿನ ಬದಲಿಯನ್ನು ವಂಚನೆ ಎಂದೂ ನಮ್ಮ ಭಾಷೆಯೇ ತೀರ್ಮಾನಿಸಿದಂತಿದೆ. ಒಕ್ಕಣ್ಣ ಶುಕ್ರಾಚಾರ್ಯ ಎಂಬ ಗೇಲಿಯನ್ನು ಶಾಲೆಯ ಅಂಗಳದಲ್ಲಿ ಕೇಳಿದವರಿಗೆ ಈ ಭಾರ ಗೊತ್ತು.

ಆ ಕರಪತ್ರದಲ್ಲಿ ಕೊನೆಗೆ ಕಣ್ಣು ಕೂರಿಸುವುದು ಎಂದು ಬರೆದೆ. ಉಂಗುರಕ್ಕೆ ಹರಳು ಕೂರಿಸಿದ ಹಾಗೆ, ತೋಳಿಗೆ ರವಿಕೆ ಕೂತ ಹಾಗೆ. ಅಳತೆ ಹೊಂದಿತು ಎಂಬ ಧ್ವನಿ ಅದರಲ್ಲಿದೆ.

ಇಂಗ್ಲಿಷಿನ ಪ್ರಾಸ್ತೆಸಿಸ್ ಕೂಡ ಮೊದಲು ವೈದ್ಯಕೀಯದ ಮಾತಲ್ಲ, ವ್ಯಾಕರಣದ್ದು. ಸೇರಿಸುವುದು ಎಂಬ ಅರ್ಥದ ಗ್ರೀಕ್ ಪದ. ಶಬ್ದದ ಆದಿಯಲ್ಲಿ ಒಂದು ಧ್ವನಿಯನ್ನು ಸೇರಿಸಿಕೊಳ್ಳುವುದಕ್ಕೆ ಹದಿನಾರನೆಯ ಶತಮಾನದಲ್ಲಿ ಆ ಹೆಸರಿತ್ತು. ಕೃತಕ ಅಂಗಕ್ಕೆ ಬಳಕೆಯಾದದ್ದು ಆಮೇಲೆ. ಸ್ಕೂಲು ನಮ್ಮ ಹಳ್ಳಿಗಳಲ್ಲಿ ಇಸ್ಕೂಲು ಆಗುತ್ತದಲ್ಲ, ಆ ಇಕಾರವೇ ಪ್ರಾಸ್ತೆಸಿಸ್. ದೆಹಲಿಯಲ್ಲಿರುವವರು ಇಸ್ಟೇಶನ್ ಕೇಳಿರುತ್ತೀರಿ. ಆ ಇಕಾರಕ್ಕೆ ತನ್ನದೇ ಅರ್ಥವಿಲ್ಲ. ಆದರೆ ಅದಿಲ್ಲದೆ ಆ ಬಾಯಿಗೆ ಆ ಶಬ್ದ ಸಲೀಸಾಗುವುದಿಲ್ಲ.

ಈಗ ಹೇಗೆ ಮಾಡುತ್ತಾರೆ

ನಮ್ಮ ದೇಶದಲ್ಲಿ ಎರಡು ಬಗೆಯ ಕಣ್ಣು ಸಿಗುತ್ತದೆ. ಒಂದು ಸಿದ್ಧ ಕಣ್ಣು: ಹಲವು ಅಳತೆ, ಬಣ್ಣಗಳ ಡಬ್ಬಿಯಿಂದ ಹತ್ತಿರದ್ದನ್ನು ಆರಿಸಿ ಹಾಕುವುದು. ಅಗ್ಗ, ಕೂಡಲೇ ಸಿಗುತ್ತದೆ. ಆದರೆ ಹಿಂದೆ ಖಾಲಿ ಜಾಗ ಉಳಿದು ಅಲ್ಲಿ ಕೀವು, ನೀರು ನಿಲ್ಲಬಹುದು, ನೋಟ ಒಂದು ಕಡೆ ನೆಟ್ಟಂತಿರಬಹುದು. ಇನ್ನೊಂದು ಅಳತೆ ಕೊಟ್ಟು ಮಾಡಿಸುವ ಕಣ್ಣು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕುಶಲಿಗಳಿದ್ದಾರೆ.

ಮೊದಲು ಹಲ್ಲಿನ ವೈದ್ಯರು ಬಳಸುವ ಆಲ್ಜಿನೇಟ್ ಎಂಬ, ಕಡಲಕಳೆಯಿಂದ ಬರುವ ಪುಡಿಯನ್ನು ಕಲಸಿ ಗೂಡಿಗೆ ತುಂಬಿ ಅಚ್ಚು ತೆಗೆಯುತ್ತಾರೆ. ಎರಡು ಮೂರು ನಿಮಿಷದಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಅದರಿಂದ ಮೇಣದ ಮಾದರಿ. ಅದನ್ನು ರೆಪ್ಪೆಯೊಳಗೆ ಇಟ್ಟು, ಕೆರೆದು, ಸೇರಿಸಿ, ಎರಡೂ ರೆಪ್ಪೆ ಸಮನಾಗಿ ತೆರೆಯುವವರೆಗೆ ತಿದ್ದುತ್ತಾರೆ. ಪಾಪೆ ಎಲ್ಲಿರಬೇಕು ಎಂದು ಗುರುತು ಹಾಕುತ್ತಾರೆ. ಒಂದು ಮಿಲಿಮೀಟರ್ ಆಚೀಚೆ ಆದರೂ ಮೆಳ್ಳೆಗಣ್ಣಿನಂತೆ ಕಾಣುತ್ತದೆ. ಮೇಣ ಪ್ಲಾಸ್ಟರಿಗೆ, ಪ್ಲಾಸ್ಟರ್ ಬಿಳಿ ಅಕ್ರಿಲಿಕ್ಕಿಗೆ. ಆಮೇಲೆ ಬಣ್ಣ, ಹಗಲು ಬೆಳಕಿನಲ್ಲಿ, ರೋಗಿಯನ್ನು ಎದುರು ಕೂರಿಸಿಕೊಂಡು.

ನಮ್ಮವರ ಕಣ್ಣೆಲ್ಲ ಕಪ್ಪು, ಬಣ್ಣ ಹಚ್ಚುವುದು ಸುಲಭ ಎನಿಸಬಹುದು. ಹಾಗಲ್ಲ. ಕಪ್ಪು ಎಂದು ನಾವು ಕರೆಯುವುದು ಕಂದು ಬಣ್ಣದ ಹತ್ತಾರು ಪದರ. ಬಿಳಿ ಎನ್ನುವುದು ಬಿಳಿಯಲ್ಲ. ನಮ್ಮಲ್ಲಿ ಬಹಳ ಜನರಿಗೆ ಪಾಪೆಯ ಸುತ್ತ ತೆಳು ಕಂದು ಛಾಯೆ ಇರುತ್ತದೆ. ಪಾಪೆಯ ಅಂಚು ಗೆರೆ ಎಳೆದ ಹಾಗಿರದೆ ಬೂದಿಯಲ್ಲಿ ಕರಗಿರುತ್ತದೆ. ಶುಭ್ರ ಬಿಳಿಯ ಮೇಲೆ ಚೂಪು ಅಂಚಿನ ಕರಿ ವೃತ್ತ ಬರೆದರೆ ಗೊಂಬೆಯ ಕಣ್ಣಾಗುತ್ತದೆ. ದಾರದ ಎಳೆಯ ರಕ್ತನಾಳ ಇಟ್ಟು, ಮೇಲೆ ಪಾರದರ್ಶಕ ಅಕ್ರಿಲಿಕ್ ಹೊದಿಸಿ ಬೇಯಿಸಿ, ಗಾಜಿನಂತೆ ಹೊಳೆಯುವವರೆಗೆ ಉಜ್ಜುತ್ತಾರೆ. ಕಣ್ಣಿನ ಕರಿಬೊಟ್ಟು ಬಿಸಿಲಿಗೆ ಕಿರಿದಾಗಿ ನೆರಳಿಗೆ ಹಿಗ್ಗುವುದನ್ನು ಮಾತ್ರ ಈ ವರೆಗೆ ಯಾರೂ ಬಳಕೆಗೆ ಬರುವಂತೆ ಅನುಕರಿಸಿಲ್ಲ. ನಡುವಿನ ಅಳತೆಯೊಂದನ್ನು ಬರೆದು ಬಿಡುತ್ತಾರೆ.

ಕಣ್ಣುದಾನ ಇದಲ್ಲ

ಕನ್ನಡಿಗರಿಗೆ ಕಣ್ಣು ಕೊಡುವುದೆಂದರೆ ನೆನಪಾಗುವುದು ಕಣ್ಣಪ್ಪ. 1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅವರವನ್ನೂ. ನಮ್ಮ ನಾಡಿನಲ್ಲಿ ನೇತ್ರದಾನಕ್ಕೆ ಇದರಿಂದ ಸಿಕ್ಕಿದ ಬಲ ದೊಡ್ಡದು. ಆದರೆ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಹರಡಿದೆ. ದಾನದ ಕಣ್ಣಿನಲ್ಲಿ ಕಸಿ ಮಾಡುವುದು ಮುಂಭಾಗದ ಪಾರದರ್ಶಕ ಕಾರ್ನಿಯಾವನ್ನು ಮಾತ್ರ. ಪುನೀತರ ಎರಡು ಕಣ್ಣು ನಾಲ್ವರಿಗೆ ಉಪಯೋಗವಾದದ್ದು ಕಾರ್ನಿಯಾದ ಪದರಗಳನ್ನು ಬಿಡಿಸಿ ಬಳಸಿದ್ದರಿಂದ. ಗುಡ್ಡೆಯನ್ನೇ ಕಳೆದುಕೊಂಡವರಿಗೆ ಕಣ್ಣಪ್ಪನೂ ಕಣ್ಣು ಕೊಡಲಾರ. ಅವರಿಗೆ ಇರುವುದು ಈ ಚಿಪ್ಪು ಮಾತ್ರ.

ಇಷ್ಟು ಹೇಳಿ, ಮೊದಲಿನ ಪ್ರಶ್ನೆಗೆ ಬರುತ್ತೇನೆ. ಈ ಕಣ್ಣು ನೋಡುವವರಿಗಾಗಿ ಮಾತ್ರ ಎಂದು ಮಾತಿಗೆ ಹೇಳಬಹುದು. ಆದರೆ ಅದು ರೆಪ್ಪೆಗೆ ಆಸರೆ ಕೊಡುತ್ತದೆ, ಗೂಡಿನ ಒಳಪದರ ಕುಗ್ಗದಂತೆ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಉತ್ತರ ಮಕ್ಕಳಲ್ಲಿದೆ.

ರೆಟಿನೋಬ್ಲಾಸ್ಟೋಮಾ ಎಳೆಯ ಮಕ್ಕಳ ಕಣ್ಣಿನ ಕ್ಯಾನ್ಸರ್. ಸುಮಾರು ಹದಿನೈದರಿಂದ ಹದಿನೆಂಟು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಹೆಚ್ಚಿನವರಿಗೆ ಐದು ವರ್ಷದೊಳಗೆ. ಬೇಗ ಸಿಕ್ಕಿದರೆ ಕಣ್ಣನ್ನೇ ಉಳಿಸಬಹುದು. ಕಣ್ಣಿನೊಳಗೆ ಬೆಳೆದಿದ್ದರೂ ಹೊರಗೆ ಹರಡುವ ಮುಂಚೆ ಕಣ್ಣು ತೆಗೆದರೆ ಬಹುತೇಕ ಮಕ್ಕಳು ಬದುಕುತ್ತಾರೆ. ತಡವಾದರೆ ಗೆಡ್ಡೆ ನರದ ದಾರಿ ಹಿಡಿದು ಮೆದುಳಿಗೆ ಹೋಗುತ್ತದೆ. ನಮ್ಮಂಥ ದೇಶಗಳಲ್ಲಿ ತಡವಾಗುವುದಕ್ಕೆ ಒಂದು ಮುಖ್ಯ ಕಾರಣ, ತಂದೆತಾಯಿ ಕಣ್ಣು ತೆಗೆಸಲು ಒಪ್ಪದಿರುವುದು. ಹೆಣ್ಣುಮಗು, ಮುಂದೆ ಮದುವೆ ಹೇಗೆ? ಶಾಲೆಯಲ್ಲಿ ಏನೆಂದಾರು? ಹಾಗೆಂದು ಊರಿಗೆ ವಾಪಸಾದವರು ಆರು ತಿಂಗಳ ನಂತರ ಬಂದಾಗ ಕಾಲ ಮೀರಿರುತ್ತದೆ. ಆ ಹೊತ್ತಿನಲ್ಲಿ ವೈದ್ಯರ ಮಾತಿಗಿಂತ, ಕೃತಕ ಕಣ್ಣು ಹಾಕಿಕೊಂಡು ಓಡಾಡುವ ಇನ್ನೊಂದು ಮಗುವನ್ನು ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಏನೂ ಕಾಣದ ಕಣ್ಣು ಅಲ್ಲಿ ಜೀವ ಉಳಿಸುತ್ತದೆ.

ಶಸ್ತ್ರಚಿಕಿತ್ಸೆಯಾಗಿ ಆರೆಂಟು ವಾರದಲ್ಲಿ ಅಳತೆ ತೆಗೆಯಬಹುದು. ಮಗು ಬೆಳೆದಂತೆ ಕಣ್ಣನ್ನೂ ದೊಡ್ಡದು ಮಾಡಿಸುತ್ತಿರಬೇಕು; ಗೂಡು ಖಾಲಿ ಬಿಟ್ಟರೆ ಆ ಬದಿಯ ಮೂಳೆಯೇ ಸರಿಯಾಗಿ ಬೆಳೆಯದೆ ಮುಖ ಸೊಟ್ಟಾಗುತ್ತದೆ. ದೊಡ್ಡವರಿಗೂ ಸುಮಾರು ಐದು ವರ್ಷಕ್ಕೊಮ್ಮೆ ಹೊಸದು, ವರ್ಷಕ್ಕೊಮ್ಮೆ ಪಾಲಿಷ್. ಅಂದರೆ ಇದು ಒಮ್ಮೆಯ ಖರ್ಚಲ್ಲ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ನಮ್ಮ ಸರ್ಕಾರಿ ಲೆಕ್ಕದಲ್ಲಿ ಅದು ಶೇ. 30 ಅಂಗವೈಕಲ್ಯ, ಮೀಸಲಾತಿಯಂಥ ಸವಲತ್ತು ಶುರುವಾಗುವುದು ಶೇ. 40ರಿಂದ. ಕಾನೂನಿನ ಕಣ್ಣಿಗೆ ಅವರು ಸಾಕಷ್ಟು ಅಂಗವಿಕಲರಲ್ಲ, ಸಂಬಂಧ ನೋಡಲು ಬಂದವರ ಕಣ್ಣಿಗೆ ಸಾಕಷ್ಟು ಪೂರ್ಣರೂ ಅಲ್ಲ.

ಇದನ್ನು ಓದುತ್ತಿರುವವರಲ್ಲಿ ಮನೆಯಲ್ಲಿ ಎಳೆಮಕ್ಕಳಿರುವವರು ಬಹಳ ಮಂದಿ ಇರುತ್ತೀರಿ. ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣು ಕೆಂಪಗೆ ಬಂದು, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅಥವಾ ಹೊಸದಾಗಿ ಮೆಳ್ಳೆಗಣ್ಣು ಕಾಣಿಸಿದರೆ, ಅದು ಕ್ಯಾಮೆರಾದ ದೋಷ ಎಂದುಕೊಳ್ಳಬೇಡಿ. ಬೇರೆ ಕಾರಣವೂ ಇರಬಹುದು, ಏನೂ ಇರದೆಯೂ ಇರಬಹುದು. ಆದರೆ ಅದೇ ವಾರ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ, ಪಾಪೆ ಹಿಗ್ಗಿಸಿ ಒಳಗೆ ನೋಡಲು ಹೇಳಿ.